ಬರಲಿರುವ ಕ್ಯಾಮೆರಾ, ಇರುವ ಹಲ್ಲು

ನನಗೆ ಕ್ಯಾಮೆರಾ ಹಿಡಿಯಲು ಬರುವುದಿಲ್ಲ. ಯಾವ ಬದಿಯಿಂದ ನೋಡಬೇಕು, ಯಾವ ಗುಂಡಿ ಒತ್ತಬೇಕು ಎಂದೂ ಗೊತ್ತಿಲ್ಲ. ಆದರೆ ಇನ್ನೂ ಹುಟ್ಟದ ಒಂದು ಕ್ಯಾಮೆರಾದ ಬಗ್ಗೆ ಕೇಳಿದರೆ ಒಂದು ಹೊತ್ತು ಪೂರಾ ಮಾತಾಡಬಲ್ಲೆ. ಅದರ ಬೆನ್ನಿನ ಮೇಲಿನ ಗಾಜು ಅಂಗೈ ಅಗಲ ಇರುತ್ತದಂತೆ. ಒಳಗೆ ಧೂಳು ಕೂತರೆ ಮಳೆಯಲ್ಲಿ ನೆನೆದ ನಾಯಿಯ ಹಾಗೆ ತಾನೇ ಮೈ ಕೊಡವಿಕೊಳ್ಳುತ್ತದಂತೆ. ದೀಪ ಹಚ್ಚುವ ಮುಂಚಿನ ಮಬ್ಬಿನಲ್ಲೂ ಅದಕ್ಕೆ ಚೆನ್ನಾಗಿ ಕಾಣುತ್ತದಂತೆ. ಆ ಹೊತ್ತಿನಲ್ಲಿ ನನಗೆ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ಇದನ್ನೆಲ್ಲ ಯಾರು ಹೇಳಿದರು ಎಂದು ಕೇಳಬೇಡಿ. ನನಗೆ ಹೇಳಿದವರಿಗೂ ಬೇರೆ ಯಾರೋ ಹೇಳಿದ್ದು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಈ ವಯಸ್ಸಿನವರೆಗೆ ಕಲಿತದ್ದೆಲ್ಲ ಹೀಗೆಯೇ, ಬೇರೆಯವರು ಮಾತಾಡುವಾಗ ಪಕ್ಕದಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುತ್ತ.

ಮಾತಾಡುವವರು ಇಬ್ಬರು. ಒಬ್ಬ ನನ್ನ ಮಗ ಮಂಜುನಾಥ. ಹೊನ್ನಾವರದಲ್ಲಿ ಅವನ ಫೋಟೊ ಸ್ಟುಡಿಯೊ ಇದೆ. ನಮ್ಮ ಮನೆ ಹಳದೀಪುರದಲ್ಲಿ. ಇನ್ನೊಬ್ಬ ಭಟ್ಕಳದ ಇಸ್ಮಾಯಿಲ್. ಅಲ್ಲಿ ಅವನಿಗೆ ಫಾರಿನ್ ಸಾಮಾನಿನ ಅಂಗಡಿ. ಮಂಜುವಿಗೆ ಮದುವೆಯ ಫೋಟೊ ಕೆಲಸ ಇಲ್ಲದ ಭಾನುವಾರ ಬೈಕು ಹತ್ತಿ ಬಂದು ನಮ್ಮ ಜಗಲಿಯಲ್ಲಿ ಕೂರುತ್ತಾನೆ. ಬರುವಾಗ ನನ್ನ ಸೊಸೆ ಸುಮಂಗಲೆಗೆ ಎಂದು ಭಟ್ಕಳದ ಮಲ್ಲಿಗೆ ಮಾಲೆಯೊಂದನ್ನು ಬಾಳೆ ಎಲೆಯಲ್ಲಿ ಸುತ್ತಿ ತರುತ್ತಾನೆ. ಅವಳು ಚಹಾ ಇಡುತ್ತಾಳೆ. ಚಹಾ ಆರುವವರೆಗೆ ಊರಿನ ಸುದ್ದಿ, ಆರಿದ ಮೇಲೆ ಕ್ಯಾಮೆರಾ. ಇಸ್ಮಾಯಿಲನ ಭಾವ ದುಬೈಯಲ್ಲಿ ಒಂದು ದೊಡ್ಡ ಅಂಗಡಿಯ ಕ್ಯಾಮೆರಾ ವಿಭಾಗದಲ್ಲಿ ಕೆಲಸಕ್ಕಿದ್ದಾನೆ. ಅಂದ ಮೇಲೆ ಕಂಪನಿಯ ಹೊಟ್ಟೆಯೊಳಗಿನ ಗುಟ್ಟೆಲ್ಲ ಅವನಿಗೆ ಗೊತ್ತಿರಬೇಕು ಎಂದು ಈ ಇಬ್ಬರ ನಂಬಿಕೆ. ಕ್ಯಾಮೆರಾ ತಯಾರಾಗುವುದು ಜಪಾನಿನಲ್ಲಿ ಎಂದು ನಾನು ಒಮ್ಮೆ ನೆನಪು ಮಾಡಿಕೊಟ್ಟೆ. ಜಪಾನಿನಿಂದ ದುಬೈ ಹತ್ತಿರ ಎಂದರು. ಭೂಗೋಳ ನನ್ನ ಕಾಲಕ್ಕೆ ಐದನೇ ಇಯತ್ತೆಯಲ್ಲಿ ಶುರುವಾಗುತ್ತಿತ್ತು, ಹಾಗಾಗಿ ಇದ್ದೀತು ಎಂದೆ.

ಆ ಕಂಪನಿಯವರು ಕ್ಯಾಮೆರಾಕ್ಕೆ ಹೆಸರಿಡುವುದಿಲ್ಲ, ನಂಬರು ಹಾಕುತ್ತಾರೆ. ನಮ್ಮ ಕೊಟ್ಟಿಗೆಯ ದನಕ್ಕೂ ಹೆಸರಿದೆ. ಇರಲಿ. ಇಪ್ಪತ್ತು ಬಂದು ಹೋಯಿತು, ಮೂವತ್ತು ಬಂದು ಹೋಯಿತು, ನಲವತ್ತು ಬಂತು. ಇನ್ನು ಮುಂದಿನದಕ್ಕೆ ಏನೆಂದು ಹೆಸರು ಬೀಳಬಹುದು ಎಂಬುದರ ಮೇಲೆ ಒಂದು ಭಾನುವಾರ ಪೂರಾ ಚರ್ಚೆಯಾಯಿತು. ಐವತ್ತು ಎಂದೆ ನಾನು. ಇಬ್ಬರೂ ನಕ್ಕರು. ಅಷ್ಟು ಸುಲಭ ಅಲ್ಲವಂತೆ. ಕಂಪನಿಯವರು ಬಹಳ ಚಾಲಾಕು, ಐವತ್ತನ್ನು ಹಾರಿಸಿ ಅರವತ್ತಕ್ಕೆ ಹೋಗಬಹುದಂತೆ, ಇಲ್ಲವೇ ಇದ್ದಕ್ಕಿದ್ದಂತೆ ಏಳು ಎಂದು ಹೊಸದಾಗಿ ಶುರು ಮಾಡಬಹುದಂತೆ. ನಾನು ಅಕ್ಕಿ ಆರಿಸುವುದನ್ನು ಮುಂದುವರಿಸಿದೆ.

ಆ ಕಂಪನಿಯಲ್ಲಿ ಮೂರು ಜಾತಿಯ ಕ್ಯಾಮೆರಾಗಳಿವೆ ಎಂದು ಮಂಜು ನನಗೆ ಬಿಡಿಸಿ ಹೇಳಿದ್ದಾನೆ. ಕೆಳಗಿನದು ಹೊಸದಾಗಿ ಕಲಿಯುವವರಿಗೆ. ಮೇಲಿನದು ಪೇಪರಿನವರಿಗೆ, ಹುಲಿ ಸಿಂಹದ ಫೋಟೊ ತೆಗೆಯುವವರಿಗೆ. ನಡುವಿನದು ತನ್ನಂಥವರಿಗೆ, ಅಂದರೆ ಮದುವೆ, ಮುಂಜಿ, ಪಾಸ್‌ಪೋರ್ಟ್ ಸೈಜು, ಅಪ್ಸರಕೊಂಡದಲ್ಲಿ ಧುಮುಕುವ ಅಬ್ಬಿಯ ಮುಂದೆ ಹೊಸ ಜೋಡಿಯನ್ನು ನಿಲ್ಲಿಸಿ ತೆಗೆಯುವ ಫೋಟೊ, ಇಷ್ಟರಲ್ಲಿ ಹೊಟ್ಟೆ ಹೊರೆಯುವವರಿಗೆ. ನಡುವಿನದು ಎಂದರೆ ಕಡಿಮೆ ಎಂದು ತಿಳಿಯಬೇಡ ಎಂದ. ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಸುರಮಾಯಿ ಮೀನು ತಂದರೆ ತಲೆ ಸಾರಿಗೆ ಹೋಗುತ್ತದೆ, ಬಾಲದ ಕಡೆಯದು ಬೆಕ್ಕಿನ ಭಯಕ್ಕೆ ಬೇಗ ಹುರಿದು ಮುಗಿಯುತ್ತದೆ. ನಡುವಿನ ತುಂಡನ್ನು ಅಳಿಯ ಬರುವವರೆಗೂ ಕಾದಿಡುತ್ತಾರೆ. ತೊಂದರೆ ಏನೆಂದರೆ ಆ ತುಂಡಿಗೇ ಎಲ್ಲರ ಕಣ್ಣು, ಅದರ ಮೇಲೆಯೇ ಎಲ್ಲರ ಜಗಳ. ಕ್ಯಾಮೆರಾದಲ್ಲೂ ಹಾಗೆಯೇ ಇರಬೇಕು. ಕೆಳಗಿನದರ ಬಗ್ಗೆ, ಮೇಲಿನದರ ಬಗ್ಗೆ ಇವರು ಒಂದು ದಿನವೂ ವಾದ ಮಾಡಿದ್ದನ್ನು ಕೇಳಲಿಲ್ಲ.

ಇಲ್ಲದ್ದನ್ನು ಬಣ್ಣಿಸುವುದರಲ್ಲಿ ತಪ್ಪಿಲ್ಲ. ನಾವು ಹೆಂಗಸರೂ ಅದನ್ನೇ ಮಾಡುತ್ತ ಬಂದವರು. ನಮ್ಮ ಕಡೆ ಮದುವೆಯ ಮನೆಯಲ್ಲಿ ಹಾಡು ಹೇಳುವ ಪದ್ಧತಿ ಇದೆ. ನಾನೂ ಒಂದು ಕಾಲದಲ್ಲಿ ಗಂಟಲು ಕಟ್ಟುವವರೆಗೆ ಹೇಳಿದ್ದೇನೆ. ಗಂಡಿನ ದಿಬ್ಬಣ ಇನ್ನೂ ದಾರಿಯಲ್ಲಿರುವಾಗಲೇ ಹಾಡಿನಲ್ಲಿ ಅವನು ಆನೆಯ ಮೇಲೆ ಬಂದಾಗಿರುತ್ತದೆ. ಮನೆಯ ಮಾಡಿಗೆ ಸೋಗೆಯ ಹೊದಿಕೆ. ಹಾಡಿನಲ್ಲಿ ಬಾಗಿಲಿಗೆ ಬಂಗಾರದ ಚಿಲಕ. ಆಮೇಲೆ ಗಂಡು ಬಸ್ಸಿನಿಂದ ಇಳಿಯುತ್ತಾನೆ, ಬೆವರಿರುತ್ತಾನೆ, ಒಂದು ಚಪ್ಪಲಿಯ ಉಂಗುಷ್ಠ ಕಿತ್ತಿರುತ್ತದೆ. ಯಾರಿಗೂ ಬೇಜಾರಾಗುವುದಿಲ್ಲ. ಹಾಡು ಹಾಡಿನ ಪಾಡಿಗೆ, ಗಂಡು ಗಂಡಿನ ಪಾಡಿಗೆ. ನಮಗೂ ಈ ಇಬ್ಬರಿಗೂ ವ್ಯತ್ಯಾಸ ಒಂದೇ. ಹಾಡಿನಲ್ಲಿ ಆನೆ ಇದೆ ಎಂದು ನಾವು ಧಾರೆಯ ಮುಹೂರ್ತವನ್ನು ಮುಂದೆ ಹಾಕುತ್ತಿರಲಿಲ್ಲ.

ಮಂಜು ಹಾಕುತ್ತಿದ್ದ. ಅವನು ಮುಂದೆ ಹಾಕುತ್ತಿದ್ದದ್ದು ನನ್ನ ಫೋಟೊವನ್ನು.

ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಕತಗಾಲದಲ್ಲಿ ನನ್ನ ಅಕ್ಕ ಗಿರಿಜಕ್ಕ ಇದ್ದಳು. ಒಂದು ಕಾರ್ತಿಕದಲ್ಲಿ ತೀರಿಕೊಂಡಳು. ವಯಸ್ಸಾಗಿತ್ತು, ನರಳಲಿಲ್ಲ, ಅದರ ಬಗ್ಗೆ ನನಗೆ ಹೇಳುವುದು ಏನೂ ಇಲ್ಲ. ಆದರೆ ಉತ್ತರಕ್ರಿಯೆಯ ದಿನದ ಊಟಕ್ಕೆ ಫೋಟೊ ಬೇಕಲ್ಲ. ಊಟಕ್ಕೆ ಬಂದವರು ಕೈ ಮುಗಿಯಬೇಕಾದರೆ ಒಂದು ಕಟ್ಟು ಹಾಕಿದ ಫೋಟೊ, ಅದಕ್ಕೊಂದು ಮಾಲೆ ಇರಬೇಕು. ಹುಡುಕಿದರೆ ಅಕ್ಕನ ಒಂಟಿ ಫೋಟೊ ಇಡೀ ಮನೆಯಲ್ಲಿ ಒಂದೂ ಇಲ್ಲ. ಯಾರದೋ ಮದುವೆಯ ಗುಂಪಿನ ಫೋಟೊದಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದ್ದಳು; ಯಾರದೋ ಭುಜದ ಮೇಲಿಂದ ಮುಖ ಮಾತ್ರ ಕಾಣುತ್ತಿತ್ತು, ದೂರದಲ್ಲಿ ತೇಲುವ ತೆಂಗಿನಕಾಯಿಯ ಹಾಗೆ.

ಮಂಜು ಆ ಮುಖವನ್ನು ಕಂಪ್ಯೂಟರಿಗೆ ಹಾಕಿಕೊಂಡ. ಸ್ಟುಡಿಯೊದವರ ಕಂಪ್ಯೂಟರಿನಲ್ಲಿ ಇಂಥ ಹೊತ್ತಿಗೆಂದು ಮೈಗಳು ತಯಾರಿರುತ್ತವೆ ಎಂಬುದು ನನಗೆ ಆಗ ಗೊತ್ತಾಯಿತು. ಗಂಡಸರಿಗೆ ಕೋಟು ಹಾಕಿದ ಮೈ, ಹೆಂಗಸರಿಗೆ ಸೀರೆ ಉಟ್ಟ ಮೈ. ಮುಖ ಕತ್ತರಿಸಿ ಅದರ ಮೇಲೆ ಕೂರಿಸಿದರೆ ಆತು. ಯಾರ ಮೈ ಎಂದು ಕೇಳಿದೆ. ಅವನಿಗೂ ಗೊತ್ತಿಲ್ಲ, ಯಾವುದೋ ಸಿಡಿಯಲ್ಲಿ ಬಂದದ್ದು. ಅವಸರದಲ್ಲಿ ಅವನು ಅಕ್ಕನಿಗೆ ಹಾಕಿದ ಮೈಯಲ್ಲಿ ಮಾವಿನಹಣ್ಣಿನ ಬಣ್ಣದ ಜರಿ ಸೀರೆ ಇತ್ತು, ಕೊರಳಲ್ಲಿ ಎರಡೆಳೆಯ ಬಂಗಾರದ ಅವಲಕ್ಕಿ ಸರ ಇತ್ತು. ನೋಡಲು ಚೆನ್ನಾಗಿಯೇ ಇತ್ತು. ಊಟಕ್ಕೆ ಬಂದವರೆಲ್ಲ ಗಿರಿಜಕ್ಕ ಎಷ್ಟು ಲಕ್ಷಣ ಎಂದರು. ಬದುಕಿದ್ದಾಗ ಯಾರೂ ಹಾಗೆ ಹೇಳಿದ್ದಿಲ್ಲ.

ಅಕ್ಕನಿಗೆ ಇಬ್ಬರು ಸೊಸೆಯರು. ಹಿರಿಯವಳು ಬಡಿಸುತ್ತ ಬಡಿಸುತ್ತ ಫೋಟೊದ ಮುಂದೆ ಒಂದು ಗಳಿಗೆ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಕಿರಿಯವಳೂ ನಿಂತಳು. ಊಟ ಮುಗಿದು ಎಲೆ ಎತ್ತುವಷ್ಟರಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅತ್ತೆಯ ಸರ ಎಲ್ಲಿ ಹೋಯಿತು ಎಂಬುದು ಪ್ರಶ್ನೆ. ಹಿರಿಯವಳು ಅದು ಕಿರಿಯವಳ ಪೆಟ್ಟಿಗೆಯಲ್ಲಿದೆ ಎಂದಳು. ಕಿರಿಯವಳು ಅದನ್ನು ಹಿರಿಯವಳು ಕುಮಟೆಯಲ್ಲಿ ಕರಗಿಸಿ ಆಗಿದೆ ಎಂದಳು. ಅಕ್ಕ ಜೀವಮಾನದಲ್ಲಿ ಅವಲಕ್ಕಿ ಸರ ಹಾಕಿದವಳಲ್ಲ, ಅವಳ ಜೊತೆ ಹುಟ್ಟಿ ಬೆಳೆದವಳು ನಾನು ಎಂದು ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ.

“ಫೋಟೊದಲ್ಲಿ ಕಾಣ್ತದಲ್ಲ ಚಿಕ್ಕತ್ತೆ,” ಎಂದಳು ಹಿರಿಯವಳು.

ಮಂಜು ಕತಗಾಲಕ್ಕೆ ಹೋಗಿ ಕಂಪ್ಯೂಟರು, ಸಿಡಿ, ಮೈ ಎಂದು ವಿವರಿಸಿದ. ಅವನನ್ನು ಕಿರಿಯವಳೇ ಹೇಳಿಕೊಟ್ಟು ಕಳಿಸಿದ್ದಾಳೆ ಎಂದು ಹಿರಿಯವಳಿಗೆ ಖಾತ್ರಿಯಾಯಿತು. ಕಡೆಗೆ ಅವನು ಸರವನ್ನು ಅಳಿಸಿ ಬೋಳು ಕೊರಳಿನ ಇನ್ನೊಂದು ಫೋಟೊ ಮಾಡಿಕೊಟ್ಟ. ಅದು ಇನ್ನೂ ಕೆಟ್ಟದಾಯಿತು. ಇಷ್ಟು ದಿನ ಫೋಟೊದಲ್ಲಾದರೂ ಇತ್ತು, ಈಗ ಅಲ್ಲಿಂದಲೂ ತೆಗೆದರು ಎಂದು ಇಬ್ಬರೂ ಸೇರಿ ಅತ್ತರು. ಇಬ್ಬರೂ ಒಟ್ಟಿಗೆ ಮಾಡಿದ ಕೆಲಸ ಅದೇ ಕಡೆಯದು. ಈಗ ಆ ಮನೆಯಲ್ಲಿ ಒಲೆ ಎರಡು.

ಕತಗಾಲದಿಂದ ಬರುವಾಗ ಬಸ್ಸಿನಲ್ಲಿ ನಾನು ನಿಶ್ಚಯ ಮಾಡಿದೆ. ನನ್ನ ಫೋಟೊ ನಾನು ಇರುವಾಗಲೇ ಆಗಬೇಕು. ನನ್ನದೇ ಮುಖ, ನನ್ನದೇ ಮೈ, ನನ್ನದೇ ಸೀರೆ. ನಮ್ಮ ಮನೆಯ ಗೋಡೆಯ ಮೇಲೆ ನನ್ನ ಯಜಮಾನರ ಫೋಟೊ ಇದೆ. ಲಾರಿ ಓಡಿಸುತ್ತಿದ್ದರು, ಲೈಸೆನ್ಸಿಗೆಂದು ತೆಗೆಸಿದ್ದನ್ನು ದೊಡ್ಡದು ಮಾಡಿದ್ದು, ಈಗಲೂ ಎದುರಿನ ಗಾಡಿಗೆ ದಾರಿ ಬಿಡುವವರ ಹಾಗೆ ನೋಡುತ್ತಾರೆ. ಅದರ ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆಯುವಷ್ಟು ಜಾಗವಿತ್ತು. ಆ ಜಾಗ ಯಾರಿಗೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ನನ್ನದು ಎಂದು ಆಗ ಇದ್ದ ಫೋಟೊ ಒಂದೇ, ಮತದಾರರ ಗುರುತಿನ ಚೀಟಿಯದು. ಅದರಲ್ಲಿ ನಾನು ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗಿದ್ದೇನೆ. ಅದಕ್ಕೆ ಮಾಲೆ ಹಾಕಿದರೆ ಮಾಲೆಗೆ ನಾಚಿಕೆ.

ಮನೆಗೆ ಬಂದವಳೇ ಮಂಜುವಿಗೆ ಹೇಳಿದೆ. ಅವನು ತಕ್ಷಣ ಆತು ಎಂದ. “ಮುಂದಿನ ಮಾಡೆಲ್ ಬರ್ಲಿ ಅಮ್ಮ. ಬಂದ ದಿವ್ಸ ಮೊದ್ಲ ಫೋಟೊ ನಿಂದೇ.”

ಹೀಗೆ ನಾನೂ ಆ ಕ್ಯಾಮೆರಾದ ಸರತಿಯಲ್ಲಿ ನಿಂತೆ. ಅಂದಿನಿಂದ ಭಾನುವಾರದ ಮಾತುಗಳನ್ನು ಕಿವಿಯಿಟ್ಟು ಕೇಳತೊಡಗಿದೆ.

ಮಗ ದಡ್ಡನಲ್ಲ. ಅವನು ಕಾಯುವುದಕ್ಕೆ ಕಾರಣವಿದೆ. ಕೆಲವು ವರ್ಷದ ಹಿಂದೆ ಒಂದು ಭಾರೀ ರೋಲಿನ ಕ್ಯಾಮೆರಾ ಕೊಂಡಿದ್ದ. ಮದುವೆಯ ರೋಲುಗಳನ್ನು ಹುಬ್ಬಳ್ಳಿಯ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸಿ, ತೊಳೆದು ಬರುವವರೆಗೆ ಉಗುರು ಕಚ್ಚುತ್ತ ಕೂರುತ್ತಿದ್ದ ಕಾಲ ಅದು. ಅವನು ಕೊಂಡ ಮರುವರ್ಷವೇ ರೋಲಿಲ್ಲದ ಕ್ಯಾಮೆರಾ ಊರಿಗೆ ಬಂತು. ಮದುಮಕ್ಕಳು ಫೋಟೊ ತೆಗೆದ ಕೂಡಲೇ ತೋರಿಸು ಎನ್ನತೊಡಗಿದರು. ಭಾರೀ ಕ್ಯಾಮೆರಾ ಈಗ ನಮ್ಮ ಕಪಾಟಿನಲ್ಲಿದೆ, ಸುಮಂಗಲೆ ಹುಳ ಬೀಳದಿರಲಿ ಎಂದು ಅದರ ಪಕ್ಕ ನುಸಿಗುಳಿಗೆ ಇಡುತ್ತಾಳೆ. ಒಮ್ಮೆ ಕೈ ಸುಟ್ಟುಕೊಂಡವನು ಆಮೇಲೆ ಹಾಲು ಉಕ್ಕಿದರೂ ಒಲೆಯ ಹತ್ತಿರ ಹೋಗುವುದಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಒಂದು ಹಳೆಯ ಡಿಜಿಟಲ್ ಕ್ಯಾಮೆರಾದಲ್ಲಿ ದೂಡುತ್ತಿದ್ದ. ಅದರಲ್ಲೇ ಊರಿನವರ ಮದುವೆ ತೆಗೆದ. ಊರಿನವರ ಅಮ್ಮಂದಿರನ್ನೂ ಅದರಲ್ಲೇ ತೆಗೆದ, ಅವರೆಲ್ಲ ತಮ್ಮ ತಮ್ಮ ಗೋಡೆಯ ಮೇಲೆ ಸುಖವಾಗಿ ನೇತಾಡುತ್ತಿದ್ದಾರೆ. ನನಗೆ ಮಾತ್ರ ಬರಲಿರುವ ಕ್ಯಾಮೆರಾವೇ ಆಗಬೇಕಿತ್ತು.

ಕಂಪನಿಯವರು ಬಾಯಿ ಬಿಡಲಿಲ್ಲ. ಮಳೆಗಾಲಕ್ಕೆ ಮುಂಚೆ ಬರುತ್ತದೆ ಎಂದ ಇಸ್ಮಾಯಿಲ್. ಮಳೆಗಾಲ ಬಂತು. ಚೌತಿಗೆ ಎಂದ. ಚೌತಿಯೂ ಬಂತು. ಹೊಟ್ಟೆ ನೋಡಿ ಗಂಡೋ ಹೆಣ್ಣೋ ಹೇಳುವ ಹೆಂಗಸರು ನಮ್ಮ ಕೇರಿಯಲ್ಲಿ ಇದ್ದರು. ಮೊನಚಾದ ಹೊಟ್ಟೆಗೆ ಗಂಡು, ಅಗಲದ್ದಕ್ಕೆ ಹೆಣ್ಣು. ತಪ್ಪಿದರೆ, ಹೊಟ್ಟೆ ಅಗಲವಾಗಿಯೇ ಇತ್ತು, ಮಗು ಮಾತ್ರ ಹೀಗೆ ಮಾಡಿತು ಎನ್ನುತ್ತಿದ್ದರು. ಇವರೂ ಹಾಗೆಯೇ. ಬರಲಿಲ್ಲ ಎಂದರೆ ಕ್ಯಾಮೆರಾದ ತಪ್ಪು.

ಒಂದು ದಿನ ಇಸ್ಮಾಯಿಲ್ ಕಾಗದ ಹಿಡಿದುಕೊಂಡೇ ಬೈಕಿನಿಂದ ಇಳಿದ. ಇಂಟರ್‌ನೆಟ್ ಸೆಂಟರಿನಲ್ಲಿ ಪ್ರಿಂಟು ತೆಗೆಸಿ ತಂದದ್ದು. ಹೊಸ ಕ್ಯಾಮೆರಾದ ಫೋಟೊ, ಕಂಪನಿಯೊಳಗಿನಿಂದ ಯಾರೋ ಕದ್ದು ತೆಗೆದದ್ದಂತೆ. ಇಬ್ಬರೂ ಜಾತಕ ನೋಡುವವರ ಹಾಗೆ ಅದರ ಮೇಲೆ ಬಗ್ಗಿದರು. ಈ ಗುಂಡಿ ಮೊದಲು ಇಲ್ಲಿರಲಿಲ್ಲ, ಇದು ವಿಡಿಯೊಕ್ಕೇ ಇರಬೇಕು ಎಂದ ಒಬ್ಬ. ಅದು ಗುಂಡಿಯಲ್ಲ, ಪ್ರಿಂಟಿನ ಮಸಿ ಎಂದ ಇನ್ನೊಬ್ಬ. ನಾನೂ ಕನ್ನಡಕ ಹಾಕಿ ನೋಡಿದೆ. ಕತ್ತಲು, ಒಂದು ಬಟ್ಟೆ, ಬಟ್ಟೆಯ ಅಡಿಯಲ್ಲಿ ಏನೋ ಒಂದು ಕಪ್ಪಗಿನದು. ಕೋಳಿ ಕವುಚಿ ಕೂತಿದೆ ಎಂದರೂ ನಂಬಬಹುದು.

“ಇಷ್ಟು ಒಳ್ಳೇ ಕ್ಯಾಮೆರಾ ಮಾಡವ್ರ ಹತ್ರ ಅದ್ರ ಫೋಟೊ ತೆಗೂಕೆ ಒಂದು ಕ್ಯಾಮೆರಾ ಇಲ್ಲವಾ?” ಎಂದೆ.

ಇಸ್ಮಾಯಿಲ್ ಚಹಾವನ್ನು ಮೂಗಿಗೆ ಹತ್ತಿಸಿಕೊಂಡ. ಮಂಜು ನಗಲಿಲ್ಲ. ಅವನಿಗೆ ಕಾಯುವುದು ಹಾಸ್ಯವಾಗಿರಲಿಲ್ಲ ಎಂದು ನನಗೆ ಆಗ ಸ್ವಲ್ಪ ಅರ್ಥವಾಯಿತು. ಆದರೆ ನನಗೂ ಒಂದು ಅವಸರ ಶುರುವಾಗಿತ್ತು.

ನನ್ನ ಮೇಲಿನ ಹಲ್ಲುಗಳು ಅಲ್ಲಾಡುತ್ತಿದ್ದವು. ಮುಂದಿನವೆರಡು, ಅವುಗಳ ಆಚೆ ಈಚೆಯವು. ಕುಚ್ಚಲಕ್ಕಿ ಗಂಜಿಯೂ ಚಕ್ಕುಲಿಯ ಹಾಗೆ ಅನಿಸುತ್ತಿತ್ತು. ಸುಮಂಗಲೆಯ ತವರು ಕುಮಟೆ. ಅಲ್ಲಿ ಅವಳಿಗೆ ಪರಿಚಯದ ಹಲ್ಲಿನ ಡಾಕ್ಟರು ಇದ್ದರು. ಅವರು ಬೆರಳಿನಿಂದ ಒಂದೊಂದನ್ನೇ ಅಲ್ಲಾಡಿಸಿ, ಎಲ್ಲ ತೆಗೆಯಬೇಕು ಅಮ್ಮ ಎಂದು ಸಂತೋಷದಲ್ಲಿ ಹೇಳಿದರು. ತೆಗೆಯಲು ನನ್ನದೇನೂ ಅಡ್ಡಿಯಿರಲಿಲ್ಲ. ಗೋಡೆಯ ಮೇಲಿನ ಫೋಟೊದಲ್ಲಿ ಯಾರೂ ಹಲ್ಲು ತೋರಿಸುವುದಿಲ್ಲ. ಆದರೆ ಒಳಗೆ ಹಲ್ಲಿಲ್ಲದ ಕೆನ್ನೆ ಗುಳಿ ಬೀಳುತ್ತದೆ, ತುಟಿ ಒಳಕ್ಕೆ ಹೋಗುತ್ತದೆ, ಗಲ್ಲ ಬಂದು ಮೂಗನ್ನು ಮಾತಾಡಿಸುತ್ತದೆ. ಆ ಮುಖ ನನ್ನದಲ್ಲ. ಅಕ್ಕ ಬೇರೆಯವರ ಮೈಯಲ್ಲಿ ಗೋಡೆಗೆ ಹೋದಳು, ನಾನು ಬೇರೆಯವರ ಮುಖದಲ್ಲಿ ಹೋಗಬೇಕಾ?

ಮಂಜುವಿಗೆ ಹೇಳಿದೆ. ಇನ್ನು ಸ್ವಲ್ಪ ದಿವಸ ಎಂದ. ಈ ಸಲ ಮೆಗಾಪಿಕ್ಸೆಲ್ ಬಹಳ ಹೆಚ್ಚು ಮಾಡುತ್ತಾರಂತೆ.

“ಅದು ಹೆಚ್ಚಾದ್ರೆ ಎಂತ ಆಗ್ತದೆ?” ಎಂದು ಇಸ್ಮಾಯಿಲನನ್ನು ಕೇಳಿದೆ.

“ನಿಮ್ಮ ಮುಖದ ಗೆರೆ ಎಲ್ಲ ಬೇರೆ ಬೇರೆ ಕಾಣ್ತದೆ ಅಮ್ಮ. ಒಂದೊಂದೂ.”

“ಅದ್ಕೆ ಇಷ್ಟು ದಿವ್ಸ ಕಾಯುದಾ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ದೃಷ್ಟಿಯಿಂದ ಅವರು ಯೋಚಿಸಿರಲಿಲ್ಲ.

ಹಲ್ಲು ತೆಗೆಸುವ ದಿನ ಬಂತು. ಕ್ಯಾಮೆರಾ ಬರಲಿಲ್ಲ. ಸುಮಂಗಲೆ ಜೊತೆಗೆ ಬಂದಳು. ನಾನು ಮದುವೆ ಮನೆಗಳಿಗೆ ಉಡುವ ಬದನೆಕಾಯಿ ಬಣ್ಣದ ಸೀರೆ ಉಟ್ಟದ್ದನ್ನು ನೋಡಿ ಅವಳು ಏನೂ ಕೇಳಲಿಲ್ಲ. ಹಲ್ಲು ಕೀಳಿಸಲು ಒಳ್ಳೇ ಸೀರೆ ಯಾಕೆ ಎಂದು ಯಾವ ಸೊಸೆಯೂ ಕೇಳಬಹುದಿತ್ತು. ಕುಮಟೆಯಲ್ಲಿ ಬಸ್ಸಿಳಿದು ಡಾಕ್ಟರ ಕಡೆ ತಿರುಗುವ ಬದಲು ನಾನು ಎದುರಿನ ಮೆಟ್ಟಿಲು ಹತ್ತಿದೆ. ಅಲ್ಲಿ ಗಜಾನನನ ಸ್ಟುಡಿಯೊ.

ಗಜಾನನ ಮತ್ತು ಮಂಜು ಒಂದೇ ಕಡೆ ಕೆಲಸ ಕಲಿತವರು. ಈಗ ಹೊನ್ನಾವರದ ಮದುವೆಗಳನ್ನೂ ಗಜಾನನ ಹಿಡಿಯುತ್ತಾನೆ, ಕುಮಟೆಯವನ್ನು ಮಂಜುವಿಗೆ ಬಿಡುವುದಿಲ್ಲ. ಇಬ್ಬರೂ ಎದುರು ಸಿಕ್ಕರೆ ಹೆಗಲ ಮೇಲೆ ಕೈ ಹಾಕಿ ನಗುತ್ತಾರೆ. ಮನೆಗೆ ಬಂದ ಮೇಲೆ ಮಂಜು ನಗುವುದಿಲ್ಲ. ಗಜಾನನನೂ ನಗುವುದಿಲ್ಲ ಎಂದು ಕಾಣುತ್ತದೆ. ಹೊನ್ನಾವರದ ಸ್ಟುಡಿಯೊದವನ ಅಮ್ಮ ಕುಮಟೆಯ ಸ್ಟುಡಿಯೊಕ್ಕೆ ಫೋಟೊ ತೆಗೆಸಲು ಹೋಗುವುದು ಎಂದರೆ ಏನೆಂದು ನನಗೆ ತಿಳಿಯದ್ದಲ್ಲ. ಸುಮಂಗಲೆ ಮೆಟ್ಟಿಲ ಕೆಳಗೆ ಒಂದು ಕ್ಷಣ ನಿಂತಳು. ಆಮೇಲೆ ಅವಳೂ ಹತ್ತಿದಳು.

“ಮಂಜನ ಅಮ್ಮ ಅಲ್ದಾ?” ಎಂದ ಗಜಾನನ, ಎದ್ದು ನಿಂತು.

“ಹೌದು. ಕ್ಯಾಮೆರಾ ಇದ್ಯಾ?”

“ಸ್ಟುಡಿಯೊಕ್ಕೆ ಬಂದು ಕ್ಯಾಮೆರಾ ಇದ್ಯಾ ಕೇಳ್ತ್ರಲ್ಲ ಅಮ್ಮ.”

“ಇರುದು ಇದ್ಯಾ ಅಂತ ಕೇಳ್ದೆ. ಬರುದು ಬೇಡ.”

ಅವನಿಗೆ ಅರ್ಥವಾಯಿತು ಎಂದು ಮುಖದಲ್ಲೇ ಗೊತ್ತಾಯಿತು. ಅವನೂ ಕಾಯುತ್ತಿದ್ದವನೇ. ಹಿಂದೆ ಹಂಸ, ಕೊಳ, ಕಮಲ ಬರೆದ ಪರದೆ ಇತ್ತು. ಅದನ್ನು ಮೇಲಕ್ಕೆ ಸುತ್ತಿಸಿ ಬರೀ ಗೋಡೆಯ ಮುಂದೆ ಸ್ಟೂಲು ಹಾಕಿಸಿದೆ. ಸುಮಂಗಲೆ ನನ್ನ ಸೆರಗು ಸರಿ ಮಾಡಿದಳು. ಸ್ವಲ್ಪ ನಗಿ ಅಮ್ಮ ಎಂದ ಗಜಾನನ. ಗೋಡೆಗೆ ಹೋಗುವ ಫೋಟೊ ಇದು, ಸತ್ತದ್ದೇ ನನಗೆ ಖುಷಿಯಾಯಿತು ಎಂದು ನೋಡಿದವರಿಗೆ ಅನಿಸಬಾರದಲ್ಲ ಎಂದೆ. ಹಾಗಾದರೆ ನಗಬೇಡಿ ಎಂದ. ಆಗ ನಗು ಬಂತು, ಆಗಲೇ ಗುಂಡಿ ಒತ್ತಿದ. ಕೆಲಸ ಗೊತ್ತಿರುವವನು.

ಕಂಪ್ಯೂಟರಿನ ಮುಂದೆ ಕೂತು, ಕೊರಳು ಬರಿದಾಗಿ ಕಾಣುತ್ತದೆ ಅಮ್ಮ, ಒಂದು ಸರ ಹಾಕಲಾ, ಚೆನ್ನಾಗಿ ಕೂರುತ್ತದೆ ಎಂದ. ಅವನು ಒಳ್ಳೇ ಮನಸ್ಸಿನಿಂದಲೇ ಕೇಳಿದ್ದು.

“ಮೈಮೇಲೆ ಇಲ್ಲದ್ದು ಒಂದೂ ಬೇಡ. ನಂಗೆ ಸೊಸೆ ಒಬ್ಳೇ. ಪಾಪ, ಅವ್ಳು ಯಾರ ಹತ್ರ ಜಗಳ ಆಡುದು?”

ಸುಮಂಗಲೆ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಅಲ್ಲಿಂದ ಡಾಕ್ಟರ ಹತ್ತಿರ ಹೋದೆವು. ಸಂಜೆ ಮನೆಗೆ ಬರುವಾಗ ನನ್ನ ಬಾಯಿ ತುಂಬ ಹತ್ತಿ, ಕೈಯಲ್ಲಿ ಗಜಾನನ ಕೊಟ್ಟ ಕವರು. ಕವರಿನ ಮೇಲೆ ದೊಡ್ಡ ಅಕ್ಷರದಲ್ಲಿ ಅವನ ಸ್ಟುಡಿಯೊದ ಹೆಸರು. ಮುಚ್ಚಿಟ್ಟು ಉಪಯೋಗವಿರಲಿಲ್ಲ, ಮುಚ್ಚಿಡುವ ಮನಸ್ಸೂ ನನಗಿರಲಿಲ್ಲ. ಮಂಜು ಜಗಲಿಯಲ್ಲೇ ಇದ್ದ. ಕವರು ತೆಗೆದುಕೊಂಡು ಫೋಟೊ ಎಳೆದು ನೋಡಿದ. ಮೊದಲು ಕಸುಬಿನವನ ಹಾಗೆ ನೋಡಿದ, ಬೆಳಕು ಎಡಗಡೆಗೆ ಹೆಚ್ಚಾಯಿತು ಎಂದ. ಆಮೇಲೆ ಮಗನ ಹಾಗೆ ನೋಡಿದ.

“ನಾನು ಇಷ್ಟು ದಿವ್ಸ ಕಾದದ್ದು ಯಾರಿಗೆ ಅಮ್ಮ?” ಎಂದ.

ಉತ್ತರ ನನ್ನಲ್ಲಿ ಇತ್ತು. ಬಾಯಲ್ಲಿ ಹತ್ತಿಯೂ ಇತ್ತು. ಹತ್ತಿ ಇದ್ದದ್ದೇ ಒಳ್ಳೆಯದಾಯಿತು ಎಂದು ಆಮೇಲೆ ಅನಿಸಿತು. ನಾನು ಮಾತಾಡಿದ್ದರೆ ಸರಿಯಾದದ್ದನ್ನೇ ಮಾತಾಡುತ್ತಿದ್ದೆ, ಸರಿಯಾದ ಮಾತಿಗೆ ಮಕ್ಕಳು ಬಹಳ ದಿವಸ ಸಿಟ್ಟಿನಲ್ಲಿರುತ್ತಾರೆ. ಉತ್ತರವನ್ನು ಸುಮಂಗಲೆ ಕೊಟ್ಟಳು, ಒಳಗಿನಿಂದ, ಪಾತ್ರೆ ತೊಳೆಯುತ್ತ.

“ಕ್ಯಾಮೆರಾ ಇನ್ನೊಂದು ಬರ್ತದೆ. ಹಲ್ಲು ಬರ್ತದಾ?”

ಅವನು ಊಟ ಮಾಡಿ ಮಲಗಿದ. ಬೆಳಿಗ್ಗೆ ನಾನು ಉಪ್ಪು ನೀರು ಮುಕ್ಕಳಿಸಿ ಬರುವಷ್ಟರಲ್ಲಿ ಜಗಲಿಯ ಮೇಲೆ ಕುರ್ಚಿ ಇತ್ತು. ಕೈಯಲ್ಲಿ ಆ ಹಳೆಯ ಕ್ಯಾಮೆರಾ. ಕೂತ್ಕೊ ಎಂದ. ತೆಂಗಿನ ಗರಿಗಳ ನಡುವಿನಿಂದ ಬಿಸಿಲು ಒಂದು ಬದಿಗೆ ಬರುವವರೆಗೆ ಕಾದ. ಆ ಕಾಯುವುದು ಬೇರೆ. ಬಿಸಿಲು ಯಾವಾಗ ಬರುತ್ತದೆ ಎಂದು ದುಬೈಗೆ ಫೋನು ಮಾಡಬೇಕಾಗಿರಲಿಲ್ಲ. ಬೇರೆಯವರ ಅಮ್ಮಂದಿರಿಗೆ ಹೇಳುವ ಹಾಗೆಯೇ ನನಗೂ ಗಲ್ಲ ಸ್ವಲ್ಪ ಕೆಳಗೆ ಎಂದ, ಕಣ್ಣು ಇಲ್ಲಿ ಎಂದ. ಮುಗಿಯಲು ಬಹಳ ಹೊತ್ತು ಹಿಡಿಯಲಿಲ್ಲ.

ಹಲ್ಲು ಕಿತ್ತ ಜಾಗ ಊದಿಕೊಂಡಿತ್ತು. ಅದರಿಂದ ಒಂದು ವಿಚಿತ್ರವಾಯಿತು. ಗುಳಿ ಬೀಳಬೇಕಾಗಿದ್ದ ಕೆನ್ನೆ ತುಂಬಿಕೊಂಡಿತು, ಗೆರೆಗಳೆಲ್ಲ ಸಪಾಟಾದವು. ಆ ಫೋಟೊದಲ್ಲಿ ನಾನು ಮದುವೆಯಾಗಿ ಬಂದ ಹೊಸತರಲ್ಲಿ ಇದ್ದ ಹಾಗೆ ಇದ್ದೇನೆ, ಸ್ವಲ್ಪ ಸಿಟ್ಟೂ ಇದೆ. ಆಗಲೂ ಇತ್ತು. ಮುಂದಿನ ಭಾನುವಾರ ಬಂದ ಇಸ್ಮಾಯಿಲ್ ಅದನ್ನು ಬೆಳಕಿಗೆ ಹಿಡಿದು, ಇದು ಹೊಸದರಲ್ಲಿ ತೆಗೆದದ್ದಾ, ನನಗೆ ಹೇಳದೆ ಯಾರ ಹತ್ತಿರ ತರಿಸಿದೆ ಎಂದು ಮಂಜುವನ್ನು ಕೇಳಿದ. ಮಂಜು ಬಹಳ ದಿನಗಳ ಮೇಲೆ ನಕ್ಕ. ಗಜಾನನ ತೆಗೆದದ್ದನ್ನೂ ಹತ್ತಿರ ಇಟ್ಟು ತೋರಿಸಿದ, ಬೆಳಕು ಎಡಗಡೆಗೆ ಹೆಚ್ಚಾದದ್ದನ್ನು ಮರೆಯದೆ ಹೇಳಿದ.

ದೀಪಾವಳಿ ಕಳೆದ ಮೇಲೆ ಕ್ಯಾಮೆರಾ ಬಂತು. ಇಸ್ಮಾಯಿಲನ ಭಾವ ಊರಿಗೆ ಬರುವಾಗ ಹಾಲಿನ ಪುಡಿಯ ಡಬ್ಬಗಳ ನಡುವೆ ಟವೆಲಿನಲ್ಲಿ ಸುತ್ತಿ ತಂದದ್ದು. ಜಗಲಿಯಲ್ಲಿ ಚಾಪೆ ಹಾಸಿ ಅದರ ಮೇಲೆ ಬಿಚ್ಚಿದರು. ಅದರ ಹೆಸರು ಐವತ್ತು. ಒಂದು ಭಾನುವಾರ ಪೂರಾ ನನ್ನನ್ನು ನೋಡಿ ನಕ್ಕದ್ದು ಇಬ್ಬರಿಗೂ ನೆನಪಿರಲಿಲ್ಲ, ನಾನೂ ನೆನಪು ಮಾಡಿಕೊಡಲಿಲ್ಲ. ಮೈ ಕೊಡವಿಕೊಳ್ಳುವುದು ನಿಜವಾಗಿತ್ತು. ಬೆನ್ನಿನ ಗಾಜು ಅಂಗೈ ಅಗಲ ಇರಲಿಲ್ಲ. ವಿಡಿಯೊ ಇರಲಿಲ್ಲ; ಆ ಗುಂಡಿ ಮಸಿಯೇ ಆಗಿತ್ತು. ಇಬ್ಬರೂ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ದಿಬ್ಬಣದ ಬಸ್ಸಿನಿಂದ ಗಂಡು ಇಳಿದಾಗ ನಾವು ಹೆಂಗಸರು ಒಂದು ಗಳಿಗೆ ಹೀಗೆಯೇ ಹಾಡು ನಿಲ್ಲಿಸುತ್ತಿದ್ದೆವು. ಆಮೇಲೆ ಮಂಜು ಮಾತಿನಂತೆ ಮೊದಲ ಫೋಟೊ ನನ್ನದೇ ತೆಗೆದ. ಅಷ್ಟರಲ್ಲಿ ನನಗೆ ಕಟ್ಟಿಸಿದ ಹಲ್ಲು ಬಂದಿತ್ತು. ಇಸ್ಮಾಯಿಲ್ ಹೇಳಿದ್ದು ಸುಳ್ಳಲ್ಲ, ಗೆರೆ ಒಂದೊಂದೂ ಬೇರೆ ಬೇರೆ ಕಾಣುತ್ತದೆ. ಹದಿನಾರು ಗದ್ದೆಯ ಬಯಲು ನೋಡಿದ ಹಾಗೆ.

ಈಗ ನನ್ನ ಫೋಟೊ ಮೂರು ಆಗಿವೆ. ನನ್ನ ಹಲ್ಲಿನದು ಒಂದು, ಊದಿಕೊಂಡದ್ದು ಒಂದು, ಡಾಕ್ಟರ ಹಲ್ಲಿನದು ಒಂದು. ಯಾವುದನ್ನು ಗೋಡೆಗೆ ಹಾಕುವುದು ಎಂದು ಗಂಡ ಹೆಂಡತಿಗೆ ಆಗಾಗ ವಾದವಾಗುತ್ತದೆ. ಸುಮಂಗಲೆಗೆ ನಾನು ನಗುತ್ತಿರುವ ಕುಮಟೆಯದು ಬೇಕು. ಮಂಜುವಿಗೆ ಜಗಲಿಯದು ಬೇಕು, ಗಜಾನನ ತೆಗೆದದ್ದು ತನ್ನ ಮನೆಯ ಗೋಡೆಯ ಮೇಲೆ ಬರುವುದು ಹೇಗೆ ಎನ್ನುತ್ತಾನೆ. ನನ್ನನ್ನು ಇಬ್ಬರೂ ಕೇಳಿಲ್ಲ. ಮೊಳೆಯನ್ನಂತೂ ಹೊಡೆದಾಗಿದೆ, ಸದ್ಯಕ್ಕೆ ಅದಕ್ಕೆ ಕ್ಯಾಲೆಂಡರು ನೇತುಹಾಕಿದ್ದಾರೆ.

ಎಲ್ಲ ತಯಾರಾದ ಮೇಲೆ ಹೊರಡಲು ಅಡ್ಡಿ ಏನೂ ಇಲ್ಲ. ಆದರೂ ನನಗೆ ಅವಸರ ಕಾಣುವುದಿಲ್ಲ. ಐವತ್ತು ಬಂದು ಪೆಟ್ಟಿಗೆಯ ಥರ್ಮಾಕೋಲು ಇನ್ನೂ ಅಂಗಳದಲ್ಲಿ ಹಾರಾಡುತ್ತಿದ್ದಾಗಲೇ ಆ ಇಬ್ಬರೂ ಅದರ ಮುಂದಿನದರ ಮಾತು ತೆಗೆದಿದ್ದರು. ಮೊನ್ನೆ ಭಾನುವಾರ ಇಸ್ಮಾಯಿಲ್ ಹೊಸ ಸುದ್ದಿ ತಂದ. ಮುಂದಿನ ಮಾಡೆಲಿನಲ್ಲಿ ಮುಖದ ಗೆರೆಗಳನ್ನು ಕ್ಯಾಮೆರಾವೇ ಅಳಿಸಿ ಹಾಕುತ್ತದಂತೆ, ಯಾರೂ ಏನೂ ಮಾಡಬೇಕಾಗಿಲ್ಲವಂತೆ. ಅವನ ಭಾವ ಹೇಳಿದ್ದಂತೆ. ಅದೆಲ್ಲ ಸುಳ್ಳು ಎಂದ ಮಂಜು.

ನಾನು ಅಕ್ಕಿ ಆರಿಸುವ ಕೈ ನಿಲ್ಲಿಸಿ, ಅದು ಯಾವಾಗ ಬರುತ್ತದೆ ಎಂದು ಕೇಳಿದೆ.